ಹಿಕ್ಕೆ ಸಾಲು ಓದುವ ಜುಂಜಮ್ಮ

ಜುಂಜಮ್ಮನ ವಿಷಯ ಬರೆಯಬೇಕಾದ್ದು ಎರಡು ಕಾರಣಕ್ಕೆ. ಹೊಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂದು ಬದು ಯೋಜನೆಯ ನಕ್ಷೆಗಿಂತ ಸರಿಯಾಗಿ ತೋರಿಸಿದವಳು ಅವಳು. ಹಾಗೆ ತೋರಿಸಿದ್ದರಲ್ಲಿ ಒಂದು ತಪ್ಪಾಗಿದೆ ಎಂದು, ಯಾರಿಗೂ ಗೊತ್ತಾಗುವ ಮೊದಲೇ ಬಸ್ಸು ಹತ್ತಿ ಹೋಗಿ ಹೇಳಿದವಳೂ ಅವಳೇ. ಮೊದಲನೆಯ ಕೆಲಸ ಮಾಡುವವರು ಹುಡುಕಿದರೆ ಇನ್ನೂ ಕೆಲವರು ಸಿಕ್ಕಾರು. ಎರಡನೆಯದನ್ನು ಮಾಡುವವರು ಕಡಿಮೆ.

ಹಿರೇಗುಂಟನೂರು ಹೋಬಳಿಯಲ್ಲಿ, ಗುಡ್ಡದ ಬುಡಕ್ಕೆ ಅಂಟಿಕೊಂಡಂತೆ ಒಂದು ಗೊಲ್ಲರಹಟ್ಟಿ ಇದೆ. ಕರೇಕಲ್ಲು ಹಟ್ಟಿ ಅಂತ ಹೆಸರು. ನಲವತ್ತು ಮನೆ. ಜನಕ್ಕಿಂತ ಕುರಿ ಜಾಸ್ತಿ. ಜುಂಜಮ್ಮನ ಮನೆ ಹಟ್ಟಿಯ ಕೊನೆಯಲ್ಲಿ, ಬೇವಿನ ಮರದ ಪಕ್ಕ. ವಯಸ್ಸು ಐವತ್ತೈದೋ ಐವತ್ತಾರೋ. ಗಂಡ ಕಾಟಲಿಂಗಪ್ಪ. ಆರು ವರ್ಷದ ಹಿಂದೆ ಅವನ ಮಂಡಿ ಕೆಟ್ಟು, ಕುರಿ ಹಿಂದೆ ನಡೆಯುವುದು ಆಗದೆ ಹೋಯಿತು. ಆವತ್ತಿನಿಂದ ಕೋಲು ಅವಳ ಕೈಗೆ ಬಂತು, ಸೌಟು ಅವನ ಕೈಗೆ ಹೋಯಿತು. ಅವನ ಹುರುಳಿ ಸಾರು ಚೆನ್ನಾಗಿರುತ್ತದೆ ಎಂದು ಅವಳು ಎಲ್ಲರಿಗೂ ಹೇಳುತ್ತಾಳೆ. ಅವನ ಎದುರಿಗೆ ಮಾತ್ರ ಹೇಳುವುದಿಲ್ಲ.

ಅವಳಿಗೆ ಒಂದು ಚಟ. ಕೇಳುವುದು. ಯಾವುದನ್ನು ಕಂಡರೂ ಇದು ಹಿಂಗ್ಯಾಕೆ ಎಂದು ಕೇಳಲೇಬೇಕು. ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಕಂಬಕ್ಕೆ ಕಾವಲಿದ್ದವನನ್ನು ಹಿಡಿದು, ಮೂರೇ ರೆಕ್ಕೆ ಯಾಕೆ, ನಾಲ್ಕು ಯಾಕಿಲ್ಲ ಎಂದು ಕೇಳಿದಳು. ಅವನು ಎಂಟು ವರ್ಷದಿಂದ ಅದರ ಕೆಳಗೇ ಕುಳಿತಿದ್ದ, ಒಂದು ದಿನವೂ ಹಾಗೆ ಯೋಚಿಸಿರಲಿಲ್ಲ. ಅವತ್ತು ತನ್ನ ಮೇಲಿನವರಿಗೆ ಫೋನು ಮಾಡಿದನಂತೆ. ಅವರಿಗೂ ಗೊತ್ತಿರಲಿಲ್ಲ. ಕುರಿಗೆ ಲಸಿಕೆ ಹಾಕಲು ಬಂದ ಡಾಕ್ಟರನ್ನು, ಸೂಜಿ ತೊಡೆಗೆ ಚುಚ್ಚಿದರೆ ನಾಲಿಗೆ ಹುಣ್ಣಿಗೆ ಹೆಂಗೆ ದಾರಿ ಸಿಗುತ್ತದೆ ಎಂದು ಕೇಳಿ ಅರ್ಧ ಗಂಟೆ ಕೂರಿಸಿಕೊಂಡಿದ್ದಳು. ಹಟ್ಟಿಯವರು ಅವಳನ್ನು ದೂರದಿಂದ ನೋಡಿದರೆ ಒಮ್ಮೊಮ್ಮೆ ದಾರಿ ಬದಲಿಸುತ್ತಾರೆ.

ಬೆಳೆ ಕುಯ್ದ ಮೇಲೆ ಸುತ್ತಲಿನ ಹೊಲಗಳು ಖಾಲಿ ಬೀಳುತ್ತವೆ. ಆಗ ಊರಿನ ರೈತರು ಹಟ್ಟಿಗೆ ಹೇಳಿ ಕಳಿಸುತ್ತಾರೆ, ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿ ಎಂದು. ಹಗಲು ಗುಡ್ಡದಲ್ಲಿ ಮೇಯ್ದು ಬಂದ ಕುರಿಗಳನ್ನು ಗೂಟ ಬಡಿದು ಬಲೆ ಕಟ್ಟಿ ಹೊಲದೊಳಗೇ ಕೂಡುತ್ತಾರೆ. ಅವು ಅಲ್ಲೇ ಮಲಗುತ್ತವೆ, ಅಲ್ಲೇ ಹಿಕ್ಕೆ ಹಾಕುತ್ತವೆ, ಅಲ್ಲೇ ಗಂಜಲ ಬಿಡುತ್ತವೆ. ಮೂರು ದಿನಕ್ಕೊಮ್ಮೆ ಗೂಟ ಕಿತ್ತು ಬಲೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಹೀಗೆ ಹೊಲ ಪೂರ್ತಿ ಆದರೆ ಆ ವರ್ಷ ಮೂಟೆ ಗೊಬ್ಬರದ ಮಾತೇ ಇಲ್ಲ. ಹೊಲದವನು ಕುರಿಯವರಿಗೆ ರಾಗಿಯನ್ನೋ ಜೋಳವನ್ನೋ ಅಳೆದು ಕೊಡುತ್ತಾನೆ. ಅಜ್ಜಂದಿರ ಕಾಲದಿಂದ ಬಂದ ಪದ್ಧತಿ ಇದು. ಜುಂಜಮ್ಮನ ಎಂಬತ್ತು ಕುರಿ ಹೆಚ್ಚಾಗಿ ನಿಲ್ಲುವುದು ಮರುಳಸಿದ್ದಪ್ಪನ ಹೊಲದಲ್ಲಿ. ಗುಡ್ಡದಿಂದ ಹಟ್ಟಿಯ ಕಡೆಗೆ ಇಳಿಜಾರಾಗಿರುವ ಹೊಲ ಅದು, ಮೂರು ತಾಕು. ಈರುಳ್ಳಿ, ಮೆಕ್ಕೆಜೋಳ ಹಾಕುತ್ತಾನೆ. ಒಳ್ಳೆಯ ಮನುಷ್ಯ, ಆದರೆ ಬಾಯಿ ಸುಮ್ಮನಿರುವುದಿಲ್ಲ.

ಆ ಹೊಲದ ಕೆಳಗೆ ಗೋಮಾಳ. ಗೋಮಾಳದಲ್ಲಿ ಒಂದು ಗೋಕಟ್ಟೆ. ಹಟ್ಟಿಯ ಆರುನೂರು ಕುರಿಗೂ ಅದೇ ನೀರು. ನಲ್ಲಿ ನೀರು ಜನಕ್ಕೇ ಸಾಲದು. ಕಟ್ಟೆ ತುಂಬಿದರೆ ಹಟ್ಟಿ ಹಟ್ಟಿಯಲ್ಲೇ ಇರುತ್ತದೆ. ತುಂಬದಿದ್ದರೆ ಮಂದೆ ಹೊಡೆದುಕೊಂಡು ಭದ್ರಾ ನಾಲೆ ಕಡೆ ನಡೆಯಬೇಕು, ನಾಲ್ಕು ತಿಂಗಳು ಹೊರಗೆ. ಹಿಂದಿನ ವರ್ಷ ಅರ್ಧ ಹಟ್ಟಿ ಹೋಗಿತ್ತು. ಜುಂಜಮ್ಮ ಹೋಗಿರಲಿಲ್ಲ. ಗಂಡನ ಮಂಡಿ ಆ ದಾರಿ ನಡೆಯುವುದಿಲ್ಲ, ಅವನೊಬ್ಬನನ್ನೇ ಬಿಟ್ಟು ಅವಳು ಹೋಗುವುದಿಲ್ಲ. ದೂರದ ಒಂದು ತೋಟದ ತೊಟ್ಟಿಗೆ ದಿನಾ ಹೊಡೆದುಕೊಂಡು ಹೋಗಿ ಹೇಗೋ ಆ ವರ್ಷ ಕಳೆದಳು. ಆ ತೋಟದ ಬೋರು ಈಗ ಬತ್ತಿದೆ. ಈ ಸಲವೂ ಕಟ್ಟೆ ತುಂಬದಿದ್ದರೆ ಮಂದೆ ಮಾರುವುದೊಂದೇ ಉಳಿಯುತ್ತದೆ ಎಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಆ ಮಾತನ್ನು ಇಬ್ಬರೂ ಆಡುತ್ತಿರಲಿಲ್ಲ.

ಆ ಬೇಸಿಗೆಯಲ್ಲೇ ಬದು ಯೋಜನೆ ಬಂತು. ಮಳೆ ಕಡಿಮೆ ಬೀಳುವ ಕಡೆ ಮಣ್ಣು ಉಳಿಸಬೇಕು, ನೀರು ಇಂಗಿಸಬೇಕು, ಅದಕ್ಕೆ ನೆರವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕು ತಾಲ್ಲೂಕಿಗೂ ಒಂದೇ ತರದ ಬದು, ಒಂದೇ ಅಳತೆ. ಹಿರಿಯೂರಿನ ಕಡೆಯ ಕಪ್ಪು ಮಣ್ಣಿಗೂ ಇಲ್ಲಿನ ಕಲ್ಲು ಮಣ್ಣಿಗೂ ಅದೇ. ಇಂಜಿನಿಯರು ನಿರಂಜನ್ ಬಂದು, ಮರುಳಸಿದ್ದಪ್ಪನ ಹೊಲದ ಅಂಚಿನಲ್ಲಿ ಸುಣ್ಣ ಬಳಿದ ಕಲ್ಲು ನೆಡಿಸಿದ. ನಲವತ್ತು ದಾಟಿದವನು, ಕೈಯಲ್ಲಿ ಒಂದು ಟ್ಯಾಬು, ತಲೆಗೆ ಟವೆಲ್ಲು.

ಕುರಿ ಹೊಡೆದುಕೊಂಡು ಬರುತ್ತಿದ್ದ ಜುಂಜಮ್ಮ ಅಲ್ಲೇ ನಿಂತಳು.

"ಸಾರ್, ಈ ಕಲ್ಲು ಇಲ್ಲೇ ಯಾಕೆ?"

"ಇದು ಸರ್ವೆ ನಂಬರಿನ ಗಡಿ ಅಮ್ಮ. ಬದು ಗಡಿ ಮೇಲೆ ಬರುತ್ತೆ."

"ನೀರಿಗೆ ಗಡಿ ಗೊತ್ತೈತಾ?"

ನಿರಂಜನ್ ಟ್ಯಾಬಿನಿಂದ ತಲೆ ಎತ್ತಿದ. ಬೇರೆಯವರಾಗಿದ್ದರೆ ರೇಗುತ್ತಿದ್ದರೇನೋ. ಅವನು ಕಲ್ಲಿನ ಮೇಲೆ ಕುಳಿತು ಬಿಡಿಸಿ ಹೇಳಿದ. ನೆರವು ಹೋಗುವುದು ಒಬ್ಬೊಬ್ಬ ಹಿಡುವಳಿದಾರನ ಹೆಸರಿಗೆ. ಅವನ ಗಡಿಯಲ್ಲಿ ಬದು, ಬದುವಿನ ಪಕ್ಕ ಅವನು ನಿಂತ ಫೋಟೋ, ಅಷ್ಟಿದ್ದರೆ ಲೆಕ್ಕ ಸರಿ. ಗೋಮಾಳ ಯಾರ ಹೆಸರಿನಲ್ಲೂ ಇಲ್ಲ, ಹಾಗಾಗಿ ಗೋಕಟ್ಟೆಗೆ ಫಾರಂನಲ್ಲಿ ಜಾಗವಿಲ್ಲ. ಜುಂಜಮ್ಮ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಕೋಲು ಚಾಚಿ ಸುಣ್ಣದ ಕಲ್ಲಿನ ಸಾಲನ್ನು ತೋರಿಸಿದಳು. ಗಡಿ ಇಳಿಜಾರಿಗೆ ಅಡ್ಡಲಾಗಿ ಇರಲಿಲ್ಲ, ಓರೆಯಾಗಿ ರಸ್ತೆಯ ಕಡೆಗೆ ಇಳಿದಿತ್ತು. ಅದರ ಮೇಲೆ ಬದು ಹಾಕಿದರೆ ನೀರು ಬದುವಿನ ಪಕ್ಕದಲ್ಲೇ ಹರಿದು, ಮಣ್ಣನ್ನೂ ಎಳೆದುಕೊಂಡು ರಸ್ತೆಯ ಮೋರಿಗೆ ಹೋಗಿ ಬೀಳುತ್ತಿತ್ತು. ಹೊಲಕ್ಕೂ ಇಲ್ಲ, ಕಟ್ಟೆಗೂ ಇಲ್ಲ.

ನಿರಂಜನ್‌ಗೆ ಇದು ಅರ್ಥವಾಗದೆ ಇರಲಿಲ್ಲ. ಮಟ್ಟದ ಗೆರೆ ಹಿಡಿದು ಅಡ್ಡಲಾಗಿ ಹಾಕಬೇಕೆಂದು ಓದುವಾಗ ಅವನೂ ಕಲಿತಿದ್ದ. ಆದರೆ ನಾಲ್ಕು ತಾಲ್ಲೂಕಿನಲ್ಲಿ ಹೊಲ ಹೊಲಕ್ಕೂ ಮಟ್ಟ ಹಿಡಿಯುತ್ತ ಕುಳಿತರೆ ಮಳೆಗೆ ಮೊದಲು ಕೆಲಸ ಮುಗಿಯುವುದಿಲ್ಲ. ಅಷ್ಟು ಹೇಳಿ, ಫೋನ್ ನಂಬರ್ ಕೊಟ್ಟು ಹೋದ.

ಮೂರು ದಿನಕ್ಕೆ ಭರಣಿ ಮಳೆ ಬಿತ್ತು. ಒಂದೇ ಹದ, ಆದರೆ ಜೋರು. ಬೆಳಿಗ್ಗೆ ಜುಂಜಮ್ಮ ಮಂದೆ ಬಿಟ್ಟುಕೊಂಡು ಮರುಳಸಿದ್ದಪ್ಪನ ಹೊಲಕ್ಕೆ ಬಂದು ನೋಡುತ್ತಾಳೆ, ಕೆಳಗಿನ ತಾಕಿನಲ್ಲಿ ಇರುವೆ ಸಾಲಿನ ಹಾಗೆ ಹಿಕ್ಕೆ ಸಾಲು. ಒಣಗಿದ ಹಿಕ್ಕೆ ಹಗುರ, ಮಳೆ ನೀರಿನಲ್ಲಿ ತೇಲುತ್ತದೆ. ನೀರು ಎಲ್ಲಿಯವರೆಗೆ ನಿಂತು ಹಿಂಗುತ್ತದೋ ಆ ಅಂಚಿನಲ್ಲಿ ಸಾಲಾಗಿ ಕೂರುತ್ತದೆ. ಇದನ್ನು ಅವಳು ಹಿಂದೆ ನೂರು ಸಲ ಕಂಡಿದ್ದಳು. ಆದರೆ ಇದು ಮಟ್ಟದ ಗೆರೆ ಎಂದು ಹೊಳೆದದ್ದು ಆವತ್ತೇ. ನೀರು ನಿಂತ ಅಂಚು ಎಂದರೆ ಉದ್ದಕ್ಕೂ ಒಂದೇ ಎತ್ತರ ತಾನೆ? ಅವಳು ತಂಗಡಿ ಗಿಡದ ಕಡ್ಡಿ ಮುರಿದು ಸಾಲಿನುದ್ದಕ್ಕೂ ಚುಚ್ಚುತ್ತ ಹೋದಳು. ಕುರಿಗಳು ಆ ಕಡೆ ಯಾರದೋ ಬೇಲಿ ಮೇಯುತ್ತಿದ್ದವು.

ಅವಳು ಫೋನು ಮಾಡಿದ್ದಕ್ಕೆ ಮಾರನೇ ದಿನ ನಿರಂಜನ್ ಬಂದ. ಗಾರೆಯವರು ಗೋಡೆಯ ಮಟ್ಟ ನೋಡಲು ನೀರು ತುಂಬಿದ ತೆಳು ಪೈಪು ಹಿಡಿಯುತ್ತಾರಲ್ಲ, ಅದನ್ನು ತಂದಿದ್ದ. ಒಂದು ತುದಿ ತಾನು ಹಿಡಿದ, ಇನ್ನೊಂದು ತುದಿ ಅವಳ ಕೈಗೆ ಕೊಟ್ಟ. ಇಪ್ಪತ್ತು ಹೆಜ್ಜೆ ದೂರದ ಎರಡು ಕಡ್ಡಿಗಳ ನಡುವೆ ಒಂದು ಬೆರಳಿನ ಅಗಲವೂ ವ್ಯತ್ಯಾಸ ಬರಲಿಲ್ಲ. ನಡುವಿನ ತಾಕಿನಲ್ಲಿ ನೋಡಿದರು, ಅಲ್ಲೂ ಹಾಗೇ. ನಿರಂಜನ್ ಮೂರನೇ ಸಲ ಪೈಪು ಹಿಡಿದ, ನಂಬಿಕೆ ಬರಲಿಲ್ಲವೆಂದಲ್ಲ, ನೋಡುವ ಆಸೆಗೆ. ಬೇರೆ ಊರುಗಳಲ್ಲೂ ಮಂದೆ ನಿಂತ ಹೊಲಗಳಲ್ಲಿ ಹೀಗೇ ಗೆರೆ ಹಿಡಿಸಬಹುದು, ಕೆಲಸ ಬೇಗ ಆಗುತ್ತದೆ ಎಂದ.

ಮೇಲಿನವರನ್ನು ಕೇಳಿದ್ದಕ್ಕೆ, ಬದು ಹೊಲದ ನಡುವೆ ಹಾದರೂ ತಕರಾರಿಲ್ಲ ಎಂದು ಹಿಡುವಳಿದಾರ ಬರೆದುಕೊಟ್ಟರೆ ಆಗಬಹುದು ಎಂದರು. ಮರುಳಸಿದ್ದಪ್ಪನ ಮುಖ ಗಂಟಾಯಿತು. ನಡುವೆ ಬದು ಬಂದರೆ ಟ್ರ್ಯಾಕ್ಟರ್ ತಿರುಗಿಸುವುದು ಕಷ್ಟ.

"ಹಿಕ್ಕೆ ನೋಡ್ಕಂಡು ಬದು ಹಾಕ್ತೀರೇನಪ್ಪ ಇಂಜಿನಿಯರೇ? ನಾಳೆ ಕಾಗೆ ಕುಂತ ಕಡೆ ಬೋರು ಹೊಡಿಸ್ತೀರ."

ಜುಂಜಮ್ಮ ವಾದಕ್ಕೆ ಹೋಗಲಿಲ್ಲ. ಕೇಳಿದಳು ಅಷ್ಟೇ. "ಗೌಡ್ರೆ, ಹೋದ ವರ್ಷ ನಿಮ್ಮ ಈರುಳ್ಳಿ ಮಡಿ ಕೊಚ್ಚಿ ಹೋತಲ್ಲ, ಆ ಮಣ್ಣು ಎಲ್ಲಿಗೆ ಹೋತು?"

"ರಸ್ತೆ ಮೋರಿಗೆ. ಜೆಸಿಬಿ ತರಿಸಿ ಎತ್ತಿಸಿದ್ರಲ್ಲ."

"ಈ ಸುಣ್ಣದ ಕಲ್ಲು ಯಾವ ಕಡೀಕೆ ಹೊಂಟಾವೆ ನೋಡ್ರಿ."

ಮರುಳಸಿದ್ದಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಕಲ್ಲಿನ ಸಾಲು ನೆಟ್ಟಗೆ ಮೋರಿಯ ಬಾಯಿಗೆ ಹೋಗಿ ನಿಂತಿತ್ತು. ಆಮೇಲೆ ಎಲ್ಲಿ ರುಜು ಹಾಕಬೇಕು ಎಂದು ಕೇಳಿದ.

ಕೆಳಗಿನ ತಾಕಿನಲ್ಲಿ ಒಂದು, ನಡುವಿನದರಲ್ಲಿ ಒಂದು, ಮೇಲಿನದರಲ್ಲಿ ಒಂದು, ಮೂರು ಬದು. ಪ್ರತಿ ಬದುವಿಗೂ ಕಟ್ಟೆಯ ಕಡೆಯ ತುದಿಯಲ್ಲಿ ಕಲ್ಲು ಜೋಡಿಸಿದ ಕೋಡಿ. ಬದು ತುಂಬಿ ಉಳಿದ ನೀರು ಕೋಡಿಯಿಂದ ಇಳಿದು, ಕೆಳಗಿನ ಬದುವಿಗೆ, ಕೊನೆಗೆ ಕಟ್ಟೆಗೆ. ಮೇಲಿನ ತಾಕು ಕಲ್ಲು ನೆಲ. ಅಲ್ಲಿ ನೀರು ಹೆಚ್ಚು ನಿಂತಿರಲಿಲ್ಲ, ಒಂದೇ ಒಂದು ಸಾಲು ದಪ್ಪಗೆ ಕಾಣುತ್ತಿತ್ತು. ಜೆಸಿಬಿ ಮಾರನೇ ದಿನ ಬೇರೆ ಊರಿಗೆ ಹೋಗಬೇಕಿತ್ತು. ಪೈಪು ಹಿಡಿಯೋಣವಾ ಎಂದು ನಿರಂಜನ್ ಕೇಳಿದ. ಜುಂಜಮ್ಮನೇ ಬೇಡ ಎಂದಳು, ಇಷ್ಟು ಚೆಂದ ಕಾಣ್ತೈತಲ್ಲ ಎಂದಳು. ಸಂಜೆಯೊಳಗೆ ಮೂರನೇ ಬದುವೂ ಎದ್ದು ನಿಂತಿತು.

ಹದಿನೈದು ದಿನ ಕಳೆಯಿತು. ಮಂದೆ ಈಗ ಇನ್ನೊಬ್ಬರ ಹೊಲದಲ್ಲಿತ್ತು. ಒಂದು ಬೆಳಿಗ್ಗೆ ಜುಂಜಮ್ಮ ಬಲೆ ಬಿಚ್ಚಿ ಗೂಟ ಕೀಳುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಬಲೆ ಇದ್ದ ಅಂಚಿನಲ್ಲಿ ಹಿಕ್ಕೆ ದಪ್ಪಗೆ ಸಾಲು ಹಿಡಿದಿತ್ತು. ಗಾಳಿಗೆ ಬೆನ್ನು ಕೊಟ್ಟು ಕುರಿಗಳು ಒಂದು ಕಡೆಯ ಬಲೆಗೆ ಒತ್ತಿಕೊಂಡು ಮಲಗುತ್ತವೆ, ಅಲ್ಲಿ ಹಿಕ್ಕೆ ಜಾಸ್ತಿ ಬೀಳುತ್ತದೆ. ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ಆದರೆ ಈ ಹೊಲದಲ್ಲಿ ಮಂದೆ ನಿಂತ ಮೇಲೆ ಒಂದು ಹನಿ ಮಳೆಯಿಲ್ಲ. ನೀರು ಬಾರದ ಕಡೆಯೂ ಸಾಲು ಬಿದ್ದಿದೆ.

ಅವಳು ಗೂಟವನ್ನು ಅಲ್ಲೇ ಬಿಸಾಕಿ ಮರುಳಸಿದ್ದಪ್ಪನ ಮೇಲಿನ ತಾಕಿಗೆ ನಡೆದಳು. ಮೂರನೇ ಬದುವಿನ ಪಕ್ಕ ಬಗ್ಗಿ ಮಣ್ಣು ಕೆದಕಿ ನೋಡಿದಳು. ಒಂದು ತೂತು ಸಿಕ್ಕಿತು. ಐದು ಹೆಜ್ಜೆಗೆ ಇನ್ನೊಂದು. ಮತ್ತೈದು ಹೆಜ್ಜೆಗೆ ಮತ್ತೊಂದು. ಅವಳದೇ ಗೂಟದ ತೂತುಗಳು. ಭರಣಿ ಮಳೆಗೆ ಎರಡು ದಿನ ಮೊದಲು ಅಲ್ಲಿಂದ ಬಲೆ ಕಿತ್ತಿದ್ದು ಈಗ ನೆನಪಾಯಿತು. ಅವಳು ತೋರಿಸಿದ್ದು ನೀರು ನಿಂತ ಸಾಲಲ್ಲ, ಕುರಿ ಮಲಗಿದ ಸಾಲು. ಬದುವಿನ ರಸ್ತೆ ಕಡೆಯ ತುದಿ ತಗ್ಗಾಗಿರುವುದು ಬರಿಗಣ್ಣಿಗೇ ಕಾಣುತ್ತಿತ್ತು. ಗುಡ್ಡದ ನೀರು ಮೊದಲು ಬರುವುದು ಈ ಬದುವಿಗೆ. ಇಲ್ಲಿಂದ ಅದು ಮೋರಿಗೆ ಹೋದರೆ ಕೆಳಗಿನ ಎರಡು ಬದು ಎಷ್ಟು ಚೆನ್ನಾಗಿದ್ದರೂ ಕಟ್ಟೆಗೆ ನೀರಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದಳು. ಕಾಟಲಿಂಗಪ್ಪ ಮರಿಗೆ ಹಾಲು ಕುಡಿಸುತ್ತಿದ್ದ. ಈಗ ಬಾಯಿ ಬಿಟ್ಟರೆ ಮೂರನ್ನೂ ಕೆಡವಿ ಗಡಿಗೇ ಹಾಕುತ್ತಾರೆ, ಇರೋ ಎರಡೂ ಹೋಗುತ್ತವೆ, ಮಳೆ ಬಂದ ಮೇಲೆ ನೋಡೋಣ ಎಂದ. ಅವನ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಅವಳು ಅವತ್ತು ಎರಡು ಮುದ್ದೆ ಉಣ್ಣುವವಳು ಒಂದಕ್ಕೇ ಎದ್ದಳು.

ಮಾರನೇ ಬೆಳಿಗ್ಗೆ ಕುರಿಗಳನ್ನು ಪಕ್ಕದ ಮನೆಯ ಬಾಲರಾಜುವಿನ ಮಂದೆಗೆ ಸೇರಿಸಿ ದುರ್ಗದ ಬಸ್ಸು ಹತ್ತಿದಳು. ಯೋಜನೆಯ ಕಚೇರಿಯಲ್ಲಿ ನಿರಂಜನ್ ಎದ್ದು ಕುರ್ಚಿ ತೋರಿಸಿ, "ಕುಂತ್ಕಳ್ರಿ ಅಮ್ಮ" ಎಂದ. ಅವಳು ಕೂರಲಿಲ್ಲ.

"ಸಾರ್, ಮೂರನೇ ಬದು ತಪ್ಪಾಗೈತೆ. ತಪ್ಪು ನಂದು. ನೀರಿನ ಸಾಲು ಅಂದ್ಕಂಡು ಕುರಿ ಮಲಗಿದ ಸಾಲು ತೋರ್ಸಿದೀನಿ."

ನಿರಂಜನ್ ಬಾಗಿಲ ಕಡೆ ನೋಡಿದ. "ಬೇರೆ ಯಾರಿಗಾದ್ರೂ ಗೊತ್ತಾ?"

"ಇಲ್ಲ. ಮಳೆ ಬರಗಂಟ ಗೊತ್ತಾಗಾಕೂ ಇಲ್ಲ."

"ಮತ್ತೆ ಇಷ್ಟು ದೂರ ಯಾಕೆ ಬಂದ್ರಿ?"

"ಬ್ಯಾರೆ ಊರಾಗೂ ಹಿಕ್ಕೆ ನೋಡಿ ಗೆರೆ ಹಿಡಿಸ್ತೀನಿ ಅಂದಿದ್ರಲ್ಲ. ಮೊದ್ಲು ಗೂಟದ ತೂತು ಹುಡುಕ್ರಿ. ಅದಿದ್ರೆ ಆ ಸಾಲು ನಂಬಬ್ಯಾಡ್ರಿ."

ಆಗ ಅವಳು ಕುಳಿತಳು. ಹೇಳಬೇಕಾದ್ದು ಮುಗಿದಿತ್ತು. ನಿರಂಜನ್ ಒಂದು ಕಾಗದ ಎಳೆದುಕೊಂಡು ಆ ಮಾತನ್ನು ಹಾಗೇ ಬರೆದುಕೊಂಡ. ಪೈಪು ಹಿಡಿಯೋಣ ಎಂದು ತಾನೂ ಹಟ ಮಾಡಬೇಕಿತ್ತು, ಮಾಡಲಿಲ್ಲ, ಅರ್ಧ ತಪ್ಪು ತನ್ನದು ಎಂದ.

ಅವನು ಬಂದು ಅಳೆದಾಗ ರಸ್ತೆ ಕಡೆಯ ತುದಿ ಒಂದು ಗೇಣು ತಗ್ಗಿತ್ತು. ಆದರೆ ಕೆಲಸ ಮುಗಿದಿದೆ ಎಂದು ಫೋಟೋ ಹೋಗಿಯಾಗಿತ್ತು. ಮುಗಿದ ಬದುವಿಗೆ ಎರಡನೇ ಸಲ ಜೆಸಿಬಿ ಕಳಿಸಲು ಯೋಜನೆಯಲ್ಲಿ ದಾರಿ ಇರಲಿಲ್ಲ. ಕೈಯಲ್ಲೇ ಮಣ್ಣು ಏರಿಸಬೇಕು, ಅರವತ್ತು ಹೆಜ್ಜೆ ಉದ್ದಕ್ಕೆ. ರೋಹಿಣಿ ಮಳೆಗೆ ಆರೇ ದಿನ.

ಜುಂಜಮ್ಮ ಹೊಲದವನ ಮುಂದೆಯೂ ಹೋಗಿ ನಿಂತಳು. ಮರುಳಸಿದ್ದಪ್ಪ ಎಲ್ಲ ಕೇಳಿದ. "ನಾನು ಅವತ್ತೇ ಹೇಳ್ಲಿಲ್ವೇನಮ್ಮ ಕಾಗೆ ವಿಷ್ಯ?" ಎಂದ. ಅವಳು ತಲೆ ತಗ್ಗಿಸಿ, ಹೇಳಿದ್ರಿ ಗೌಡ್ರೆ ಎಂದಳು. ಅವನು ಒಳಗೆ ಹೋಗಿ ಎರಡು ಸಲಿಕೆ, ಒಂದು ಗುದ್ದಲಿ ತಂದು ಅಂಗಳದಲ್ಲಿ ಹಾಕಿದ. ಟ್ರ್ಯಾಕ್ಟರ್‌ನಲ್ಲಿ ಮಣ್ಣು ತಾನೇ ತಂದು ಹಾಕುತ್ತೇನೆ ಎಂದ.

ಹಟ್ಟಿಯ ಹದಿನಾಲ್ಕು ಜನ ಬಂದರು. ಕಟ್ಟೆ ಎಲ್ಲರದೂ ತಾನೆ. ಎರಡು ದಿನಕ್ಕೆ ಮಣ್ಣೇನೋ ಏರಿತು, ಆದರೆ ಹೊಸ ಮಣ್ಣು ಸಡಿಲ, ಮೊದಲ ಮಳೆಗೇ ಕುಸಿಯುತ್ತದೆ. ತುಳಿದು ಗಟ್ಟಿ ಮಾಡುವುದು ಹೇಗೆ ಎಂದು ಎಲ್ಲರೂ ನಿಂತು ಯೋಚಿಸುತ್ತಿರುವಾಗ ಜುಂಜಮ್ಮ ಹೋಗಿ ಮಂದೆ ಹೊಡೆದುಕೊಂಡು ಬಂದಳು. ಕೊಡದಲ್ಲಿ ನೀರು ತಂದು ಚಿಮುಕಿಸಿ, ಬದುವಿನ ಎರಡೂ ಕಡೆ ಬಲೆ ಹಿಡಿಸಿ, ನಡುವೆ ಕುರಿ ಬಿಟ್ಟಳು. ಎಂಬತ್ತು ಕುರಿ, ಮುನ್ನೂರ ಇಪ್ಪತ್ತು ಕಾಲು, ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಚಿಕ್ಕ ಗೊರಸು ಆಳಕ್ಕೆ ಇಳಿಯುತ್ತದೆ, ಮಣ್ಣು ಒಳಗಿನಿಂದ ಕೂರುತ್ತದೆ. ಸಾಯಂಕಾಲಕ್ಕೆ ನಿರಂಜನ್ ಅದರ ಮೇಲೆ ಹಿಮ್ಮಡಿ ಒತ್ತಿ ನೋಡಿದ, ಅಚ್ಚು ಮೂಡಲಿಲ್ಲ. ಮಂಡಿ ಹಿಡಿದುಕೊಂಡು ಬಂದು ಕಲ್ಲಿನ ಮೇಲೆ ಕುಳಿತಿದ್ದ ಕಾಟಲಿಂಗಪ್ಪ, "ತಪ್ಪು ಮಾಡಿದ್ವೂ ಅವೇ, ತಿದ್ದಿದ್ವೂ ಅವೇ" ಎಂದು ಕುರಿಗಳ ಕಡೆ ಕೈ ತೋರಿಸಿದ. ಹೆಂಡತಿಯ ಕಡೆ ನೋಡಲಿಲ್ಲ.

ಈ ಸಲ ಪೈಪು ಹಿಡಿಯದೆ ಜುಂಜಮ್ಮ ಯಾರನ್ನೂ ಮನೆಗೆ ಹೋಗಲು ಬಿಡಲಿಲ್ಲ.

ರೋಹಿಣಿ ಎರಡು ದಿನ ತಡವಾಗಿ ಬಂತು. ಮಧ್ಯಾಹ್ನ ಶುರುವಾಗಿ ಎರಡು ತಾಸು ಹುಯ್ದಿತು. ಜುಂಜಮ್ಮ ತಲೆಗೆ ಗೊಬ್ಬರದ ಚೀಲ ಹಾಕಿಕೊಂಡು ಮೇಲಿನ ಬದುವಿನ ಹತ್ತಿರ ನಿಂತಿದ್ದಳು. ನೀರು ಬಂತು, ನಿಂತಿತು, ಏರಿತು. ರಸ್ತೆ ಕಡೆಯ ತುದಿಗೆ ಬಂದು ಮುಟ್ಟಿತು, ದಾಟಲಿಲ್ಲ. ಆಮೇಲೆ ಕೋಡಿ ಕಲ್ಲಿನ ಮೇಲೆ ತೆಳ್ಳಗೆ ಜಾರಲು ಶುರುವಾಯಿತು. ಅವಳು ಆ ನೀರಿನ ಜೊತೆಗೇ ಕೆಳಗೆ ನಡೆದಳು. ಎರಡನೇ ಬದು, ಮೊದಲನೇ ಬದು, ಗೋಮಾಳ. ಕಟ್ಟೆಯೊಳಗೆ ಒಂದು ಕರೀ ಕಲ್ಲಿದೆ. ಅದರ ನೆತ್ತಿ ಮುಳುಗಿದರೆ ಕಟ್ಟೆ ತುಂಬಿದ ಹಾಗೆ. ಆವತ್ತು ಕಲ್ಲಿನ ಅರ್ಧಕ್ಕೆ ನೀರು ಬಂತು. ಮುಂದಿನ ಎರಡು ಮಳೆಗೆ ಹೆಗಲಿನವರೆಗೆ. ನೆತ್ತಿ ಮುಳುಗಲಿಲ್ಲ. ಆದರೆ ಆ ವರ್ಷ ಹಟ್ಟಿಯಿಂದ ಯಾವ ಮಂದೆಯೂ ನಾಲೆ ಕಡೆ ಹೋಗಲಿಲ್ಲ, ಯಾವ ಮಂದೆಯೂ ಸಂತೆಗೆ ಹೋಗಲಿಲ್ಲ.

ನಿರಂಜನ್ ತನ್ನ ವರದಿಯಲ್ಲಿ ಕಟ್ಟೆಯ ವಿಷಯ ಬರೆದ. ಫಾರಂನಲ್ಲಿ ಅದಕ್ಕೆ ಈಗಲೂ ಜಾಗವಿಲ್ಲ. 'ಇತರೆ' ಎಂಬ ಕಡೆ, ಒತ್ತೊತ್ತಾಗಿ, ಗೂಟದ ತೂತಿನ ಮಾತನ್ನೂ ಸೇರಿಸಿ ಬರೆದಿದ್ದಾನೆ. ಮೇಲೆ ಯಾರಾದರೂ ಓದಿದರೋ ಇಲ್ಲವೋ ಗೊತ್ತಿಲ್ಲ. ಹೊಳಲ್ಕೆರೆ ಕಡೆಯ ಎರಡು ಊರಿನಲ್ಲಿ ಮಾತ್ರ ಮಂದೆ ನಿಂತ ಹೊಲಗಳಲ್ಲಿ ಹೀಗೆ ಗೆರೆ ಹಿಡಿದಿದ್ದಾರೆ. ಅಲ್ಲಿನ ಕುರಿಗಾಹಿಗಳಿಗೆ ತೋರಿಸಿಕೊಡಲು ಜುಂಜಮ್ಮನೇ ಹೋಗಿದ್ದಳು. ಅವರಿಗೆ ಅವಳು ಮೊದಲು ಹೇಳಿದ್ದು ತಾನು ಮಾಡಿದ ತಪ್ಪನ್ನು.

ಈಗ ಅವಳ ತಲೆಯಲ್ಲಿ ಬೇರೊಂದು ಹೊಕ್ಕಿದೆ. ನಡುವಿನ ಬದುವಿನ ಪಕ್ಕದ ಮೆಕ್ಕೆಜೋಳ ಎತ್ತರ ಬಂದಿದೆ, ಆದರೆ ಬದುವಿಗೆ ತೀರಾ ಹತ್ತಿರದ ಎರಡು ಸಾಲು ಮಾತ್ರ ಹಳದಿ. ನೀರು ಹೆಚ್ಚಾಯಿತೋ, ಹಿಕ್ಕೆ ಹೆಚ್ಚಾಯಿತೋ, ಇನ್ನೇನೋ? ಕೇಳಿದವರೆಲ್ಲ ಒಂದೊಂದು ಹೇಳಿದ್ದಾರೆ. ಅವಳಿಗೆ ಯಾವುದೂ ಸಮಾಧಾನವಾಗಿಲ್ಲ.

ದಯವಿಟ್ಟು ಒಮ್ಮೆ ಹೋಗಿ ಅವಳನ್ನು ನೋಡಿ ಬನ್ನಿ. ಹಿರೇಗುಂಟನೂರಿನಲ್ಲಿ ಇಳಿದು ಕರೇಕಲ್ಲು ಹಟ್ಟಿ ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಮಳೆಗೆ ಮೊದಲು, ಮಂದೆ ಹೊಲದಲ್ಲಿರುವಾಗ ಹೋದರೆ ಒಳ್ಳೆಯದು, ಬೆಳಿಗ್ಗೆ ಬಲೆ ಬಿಚ್ಚುವ ಹೊತ್ತಿಗೆ. ಕಾಟಲಿಂಗಪ್ಪನ ಹುರುಳಿ ಸಾರು ಉಣ್ಣದೆ ಬರಬೇಡಿ. ನಿಮ್ಮಲ್ಲಿ ಯಾರಿಗಾದರೂ ಆ ಹಳದಿ ಸಾಲಿನ ಕಾರಣ ಗೊತ್ತಿದ್ದರೆ ಅವಳಿಗೆ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ, ಅವಳು ಬೇಜಾರು ಮಾಡಿಕೊಳ್ಳುವುದಿಲ್ಲ. ಜೊತೆಯಲ್ಲಿ ಹೊಲಕ್ಕೆ ಕರೆದುಕೊಂಡು ಹೋಗುತ್ತಾಳೆ.